ಗೌರಿ ಬೆರಳಲ್ಲಿ ಗೆರೆ ಇಲ್ಲ

ನಿಮ್ಮ ಹೆಬ್ಬೆಟ್ಟು ಯಾವತ್ತಾದ್ರೂ ಸರ್ಯಾಗಿ ನೋಡ್ಕಂಡಿದ್ದೀರಾ? ಗೆರೆ ಐತಾ? ಇದ್ರೆ ನೀವು ಪುಣ್ಯವಂತ್ರು ಬುಡಿ. ಫಾರಿನ್ನಿಗೆ ಹೋಗ್ಬೋದು.

ನಮ್ಮ ಪಕ್ಕದ್ಮನೆ ಗೌರಿಗಿಲ್ಲ. ಹತ್ತು ಬೆರಳೂ ನುಣ್ಣಗೆ, ಸಿಪ್ಪೆ ಸುಲಿದ ಕಡ್ಲೆಬೀಜದಂಗೆ. ರಾಮನಗರದಲ್ಲಿ ರೇಷ್ಮೆಗೂಡಿಂದ ನೂಲು ತೆಗೆಯೋಳು ಅವಳು. ಸುಡೋ ನೀರಿಗೆ ಕೈ ಹಾಕಿ ಎಳೆ ಹುಡುಕೋದು. ಇಪ್ಪತ್ತು ವರ್ಷದ ಮ್ಯಾಲಾಯ್ತು, ಹುಡುಕ್ತಾನೇ ಅವ್ಳೆ.

ಮೊನ್ನೆ ಮೊನ್ನೆ ಅವಳು ಕೆಲ್ಸಕ್ಕೋಗ್ತಿದ್ದ ಫಿಲೇಚರ್, ಅದೇ ನೂಲು ತೆಗೆಯೋ ಕಾರ್ಖಾನೆ, ಬಾಗಿಲು ಹಾಕ್ತು. ಬೇರೆ ಕಡೆ ಸಿಕ್ಕಿದ್ದು ವಾರಕ್ಕೆ ಮೂರೇ ದಿನ. ಗಂಡ ಇಲ್ದ ಮನೆ, ಓದೋ ಮಗಳು. ಕುವೈತಲ್ಲಿ ಮನೆಗೆಲ್ಸ ಐತೆ, ವೀಸಾ ನಾನೇ ಮಾಡಿಸ್ತೀನಿ ಅಂತ ಒಬ್ಬ ಏಜೆಂಟು ಬಂದ. ಒಪ್ಕಂಡ್ಳು.

ಫಾರಂ ತುಂಬಿದ್ದು ನಾನೇ. (ಈ ಅಜ್ಜಿ ವಯಸ್ಸಲ್ಲಿ ಮೊಬೈಲಲ್ಲಿ ಟೈಪ್ ಮಾಡದು ಕಲ್ತ್ಮೇಲೆ ಬೀದಿಗೆಲ್ಲ ನಾನೇ ಆಫೀಸು.) ಇಂಥ ಕೆಲ್ಸಕ್ಕೆ ಹೋಗೋ ಹೆಂಗಸಿಗೆ ಮೂವತ್ತು ತುಂಬಿರ್ಬೇಕು ಅಂತ ಸರ್ಕಾರದ ರೂಲ್ಸು. ಹೆಣ್ಮಕ್ಳ ಮ್ಯಾಲಿನ ಕಾಳಜಿಯಂತೆ. ಒಳ್ಳೇದೇ. ಹದಿಮೂರಕ್ಕೇ ಇವಳು ಬಿಸ್ನೀರಿಗೆ ಕೈಯಿಟ್ಟಾಗ ಆ ಕಾಳಜಿ ಎಲ್ಲೋಗಿತ್ತು?

ವೀಸಾಕ್ಕೆ ಬೆರಳು ಒತ್ತೋಕೆ ಬೆಂಗಳೂರಿನ ಆಫೀಸಿಗೆ ಕರೆದ್ರು. ಜೊತೇಲಿ ಹೋದೆ. ಚರ್ಮ ಒಸಿ ಮೆತ್ತಗಾಗ್ಲಿ ಅಂತ ಹೊರಡೋ ಮುಂಚೆ ಅವಳ ಕೈಗೆ ಹರಳೆಣ್ಣೆ ತಿಕ್ಕಿದ್ದೆ. (ಬುದ್ವಂತೆ ನಾನು.) ಅಲ್ಲಿ ಕೂತಿದ್ದ ಹುಡುಗಿ ಮಿಷನ್ನಿನ ಗಾಜು ಒರೆಸಿ ಒರೆಸಿ ಸಾಕಾಗಿ ನನ್ನನ್ನೇ ಕೆಕ್ಕರಿಸಿದ್ಲು. ಸೋಪಾಕಿ ತೊಳೆದ್ವಿ. ಆಗ್ಲೂ ಮಿಷನ್ನು ಒಪ್ಲಿಲ್ಲ. ಎರಡು ತಿಂಗ್ಳು ಬಿಸ್ನೀರು ಮುಟ್ಬೇಡಿ, ಗೆರೆ ಮೂಡಿದ್ಮೇಲೆ ಬನ್ನಿ ಅಂದ್ರು.

ಎರಡು ತಿಂಗ್ಳು ಕೈಕಟ್ಟಿ ಕೂತ್ರೆ ಉಣ್ಣೋದೇನು? ಏಜೆಂಟಿಗೆ ಫೋನ್ ಮಾಡಿದ್ರೆ, ಅಷ್ಟು ದಿನ ಕಾಯಕ್ಕಾಗಲ್ಲ, ಬೇರೆಯವ್ರನ್ನ ನೋಡ್ಕತೀನಿ ಅಂದ್ಬುಟ್ಟ.

ವಾಪಸ್ ಬಸ್ಸಲ್ಲಿ ಗೌರಿ ಕಿಟಕಿ ಕಡೆ ಮುಖ ಮಾಡಿ ಕೂತ್ಲು. ಬಿಡದಿ ದಾಟಿದ್ಮೇಲೆ ನಾನೇ ಸಮಾಧಾನ ಹೇಳಕ್ಕೋದೆ. ಫಿಲೇಚರ್ ಓನರ್ ಕೆಟ್ಟೋನಲ್ಲ ಕಣೆ, ಸರ್ಕಾರ ಸುಂಕ ಇಳಿಸ್ತು, ಚೀನಾದ ಅಗ್ಗದ ನೂಲು ಬಂದು ಬಿತ್ತು, ಅವನಾದ್ರೂ ಏನ್ಮಾಡಾನು ಅಂದೆ. ಅಷ್ಟಕ್ಕೆ ಸುಮ್ನಾಗಿದ್ರೆ ಸರೋಗ್ತಿತ್ತು. ಇನ್ನೊಂದು ದೇಶಕ್ಕೆ ಹೋಗೋದು ಅಂದ್ರೆ ಸುಮ್ನೇನಾ, ಯಾರು ಏನು ಅಂತ ನೋಡ್ದೆ ಒಳಗೆ ಬುಟ್ಕತಾರಾ ಅಂತ್ಲೂ ಸೇರಿಸ್ದೆ.

ಗೌರಿ ಕಿಟಕಿ ಬುಟ್ಟು ನನ್ನ ಕಡೆ ತಿರುಗಿದ್ಲು.

"ಆ ನೂಲು ನಮ್ಮೂರೊಳಕ್ಕೆ ಬಂದಾಗ ಅದರ ಬೆರಳು ಯಾರು ಒತ್ತಿಸ್ಕಂಡ್ರು, ಅಜ್ಜಿ?"