ಬೀಗರು ತೊಳೆದ ಉಪ್ಪು

ಕಳೆದ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಕಡೂರಿನ ನಮ್ಮ ಮನೆಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಹಿಂದಿನ ಸಂಜೆ ಮಲ್ಪೆಯಿಂದ ಬಂದಿದ್ದ ಬೀಗರು. ಎಂದಿನಂತೆ ಜಗಲಿಯಲ್ಲಿ ಕೂತು ಪತ್ರಿಕೆ ಬಿಡಿಸಿದ್ದೆ. ಆಕಾಶದಲ್ಲಿ ಒಂದು ಮೋಡವಿಲ್ಲ. ಆದರೂ ತಗಡಿನ ಚಾವಣಿಯಿಂದ ನೀರು ಧೋ ಎಂದು ಸುರಿದು ಮೊದಲ ಪುಟವೇ ತೋಯ್ದುಹೋಯಿತು.

ಅಂಗಳಕ್ಕಿಳಿದು ನೋಡಿದರೆ ಬೀಗರು ಪಂಚೆ ಎತ್ತಿ ಕಟ್ಟಿ, ಗಿಡಗಳ ಪೈಪನ್ನು ಚಾವಣಿಗೆ ಹಿಡಿದಿದ್ದರು. "ಕಡಲ ಗಾಳಿಯ ಉಪ್ಪು ಕೂತ್ರೆ ತಗಡು ತುಕ್ಕು ಹಿಡೀತದೆ ಮಾರಾಯ್ರೆ. ಭಾನುವಾರ ಅಂದ್ರೆ ನನ್ನ ಕೈ ತಾನಾಗಿ ಪೈಪ್ ಹುಡುಕ್ತದೆ" ಎಂದರು. ಶಿಸ್ತಿನ ಮನುಷ್ಯನೆಂದು ನನಗೆ ಮೆಚ್ಚುಗೆಯೇ ಆಯಿತು.

ಅಷ್ಟರಲ್ಲಿ ನೀರಿನ ಜೊತೆ ಅಕ್ಕಿ ಸಂಡಿಗೆಗಳೂ ಜಾರಿ ಬಿದ್ದವು. ಬಸುರಿ ಮಗಳು ಬಯಸಿ ಕೇಳಿದ್ದ ಸಂಡಿಗೆ. ಅದನ್ನು ಒಯ್ಯಲೆಂದೇ ಅವಳ ಮಾವ ಬಂದಿದ್ದರು. ಮೇಲೆ ಒಣಗಲು ಹಾಕಿದ್ದು ಕೆಳಗೆ ನಿಂತವರಿಗೆ ಕಾಣುವಂತಿರಲಿಲ್ಲ. ನಾನಾಗಿದ್ದರೆ ಬೈಗುಳ ತಿನ್ನುತ್ತಿದ್ದೆ, ಬೀಗರನ್ನು ಬೈಯುವುದುಂಟೆ? ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಗುತ್ತಲೇ ಹೇಳಿದಳು: "ಬೀಗ್ರೇ, ಸಮುದ್ರ ಘಟ್ಟದ ಕೆಳಗೇ ಉಳೀತು ಕಣ್ರೀ. ಇಲ್ಲಿ ಉಪ್ಪಿದ್ದಿದ್ದು ನನ್ ಸಂಡಿಗೇಲಿ ಮಾತ್ರ. ಅದನ್ನೂ ತೊಳ್ದ್ಬಿಟ್ರಲ್ಲ!"

ಬೀಗರು ಊರಿಗೆ ಫೋನ್ ಮಾಡಿ ಪ್ರಯಾಣ ಮುಂದೂಡಿದರು. ಒಲೆಯ ಮುಂದೆ ನಿಂತು ಹೊಸ ಹಿಟ್ಟು ತಿರುವಿದವರೂ ಅವರೇ. ಮಧ್ಯಾಹ್ನದೊಳಗೆ ಹೊಳೆಯುವ ತಗಡಿನ ಮೇಲೆ ಹೊಸ ಸಂಡಿಗೆ ಹರಡಿದೆವು. ಸಂಜೆ ಅವು ಒಳಗೆ ಬಂದ ಮೇಲೆ ನಾನು ಆ ದಿನದ ಕೊನೆಯ ಕೆಲಸ ಮುಗಿಸಿದೆ: ಪೈಪು ಸುತ್ತಿ ಕೋಣೆಯಲ್ಲಿಟ್ಟು, ಬೀಗರಿಗೆ ತಿಳಿಯದಂತೆ ಬೀಗ ಹಾಕಿದೆ.