ಸ್ಟೀಲ್ ತಟ್ಟೆಯ ಮೇಲಿನ ಫೋನು

ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಕೆ ರಕ್ತದಾನಿಗಳ ಗುಂಪು ನಡೆಸುತ್ತಿದ್ದರು. ಫೋನು ಮೂಕವಾದೀತೆಂಬುದೇ ಅವರ ಭಯ. ಬೆಳಿಗ್ಗೆ ಅದನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು, ಕಾಂಪೌಂಡಿನಾಚೆಯಿಂದ "ಒಂದ್ ಮೆಸೇಜ್ ಹಾಕ್ರೀ, ಕೂಗುತ್ತಾ ನೋಡಣ!" ಎನ್ನುತ್ತಿದ್ದರು. ತಟ್ಟೆ ಗಡಗಡ ಎಂದರೆ ಸಮಾಧಾನ. ಇಲ್ಲದಿದ್ದರೆ ಸೈಲೆಂಟ್, ವೈಬ್ರೇಶನ್, ಬ್ಯಾಟರಿ ಸೇವರ್ ಎಲ್ಲವನ್ನೂ ತಡಕಿ ಸರಿಮಾಡಿದ ಮೇಲೆಯೇ ಕಾಫಿ.

ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ, ವಾಲಗದ ಅಬ್ಬರದ ನಡುವೆ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು ನಡುಗಿತು. ಧಾರೆ ಮುಗಿಸಿ ಓದಿದವರೇ ವಾಲಗ ನಿಲ್ಲಿಸಿ, ಮಂಟಪದಿಂದಲೇ ಕೂಗಿದರು: "ಓ ನೆಗೆಟಿವ್ ಯಾರಿದ್ದೀರ್ರೀ? ಆಸ್ಪತ್ರೇಲಿ ಬಾಣಂತಿಗೆ ಅರ್ಜೆಂಟು!"

ಧಾರೆಯ ನೀರು ಇನ್ನೂ ತೊಟ್ಟಿಕ್ಕುತ್ತಿದ್ದ ಕೈಯನ್ನು ಮದುಮಗ ಮೇಲೆತ್ತಿದ.

ಆಕೆ ವಾಲಗದವರತ್ತ ತಿರುಗಿದರು.

"ನಮ್ಮ ಅಳಿಯ ಕಣ್ರೀ! ಈಗ ಊದಿ, ಜೋರಾಗಿ!"