ಟೇಕಲ್ ದಾಟಿದ ಮೇಲೆ ಕೈಗೊಂಡ ನಿರ್ಣಯ

ಅಥವಾ ಹಾಲಿನ ಮುನಿಯಮ್ಮ ರೈಲು ಹತ್ತಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಆಕೆ ನಮ್ಮ ಬೋಗಿಯ ನಟ್ಟನಡುವೆ, ಯಾವ ಕಂಬಿಯನ್ನೂ ಹಿಡಿಯದೆ, ಬಲಗೈ ಎತ್ತಿ ನಿಂತಿದ್ದಾಳೆ. ಕಿಟಕಿಯಾಚೆ ಟೇಕಲ್ಲಿನ ಬಂಡೆಗಳು ಹಿಂದಕ್ಕೆ ಓಡುತ್ತಿವೆ. ಬಹಳ ಚೆನ್ನಾದ ಚಿತ್ರ. ಅಷ್ಟು ಚೆನ್ನಾಗಿರುವುದರಿಂದಲೇ ನನಗೆ ಅನುಮಾನ. ನಡೆದ ಸಂಗತಿಗಳು ಸಾಮಾನ್ಯವಾಗಿ ಇಷ್ಟು ಒಳ್ಳೆಯ ಜಾಗ ನೋಡಿ ನಿಲ್ಲುವುದಿಲ್ಲ. ನಮ್ಮ ಬಡಾವಣೆಯ ಸಂಘದ ಅಧ್ಯಕ್ಷ ಸೆಲ್ವರಾಜ್ ಹೇಳುವುದೇ ಬೇರೆ. "ಅಯ್ಯೋ, ಅವಮ್ಮ ಹತ್ತಲೇ ಇಲ್ಲ ಸಾರ್. ಬಂಗಾರಪೇಟೆ ಪ್ಲಾಟ್‌ಫಾರಂ ಮೇಲೇ ನಿಂತ್ಕೊಂಡು ಕಿಟಕೀಲಿ ಬೈದ್ರು. ವಂಡಿ ಹೊರಟ್ಬಿಡ್ತು."

ರೈಲಿನಲ್ಲಿ ಸಂಘದ ಸಭೆ ಏಕೆ ಎಂದು ನೀವು ಕೇಳುತ್ತೀರಿ. ಮೊದಲು ಭಾನುವಾರ ಕರೆದು ನೋಡಿದೆವು. ವಾರದ ಆರು ದಿನ ಬೆಂಗಳೂರಿಗೆ ಅಪ್ ಅಂಡ್ ಡೌನ್ ಮಾಡುವವನಿಗೆ ಭಾನುವಾರವೆಂದರೆ ಸಾರ್ವಜನಿಕ ಜೀವನದಿಂದ ಸಿಕ್ಕುವ ಒಂದೇ ರಜೆ. ಕುರ್ಚಿಗಳು ಬಂದವು, ಜನ ಬರಲಿಲ್ಲ. ಅದೇ ಸೋಮವಾರ ಬೆಳಗ್ಗೆ ಏಳೂವರೆಯ ಗಾಡಿಯಲ್ಲಿ ನೋಡಿದರೆ, ಇಡೀ ಬಡಾವಣೆ ಒಂದೇ ಬೋಗಿಯಲ್ಲಿ ಎದುರುಬದುರಾಗಿ ಕೂತಿದೆ. ಎದ್ದು ಹೋಗುವ ಹಾಗೂ ಇಲ್ಲ. ಇದಕ್ಕಿಂತ ಶಿಸ್ತಿನ ಸಭೆ ಎಲ್ಲಿ ಸಿಗುತ್ತದೆ? ಅಲ್ಲೇ ಸಂಘ ಹುಟ್ಟಿತು. ನಾನು ಕಾರ್ಯದರ್ಶಿಯಾದದ್ದು ಸೇವಾ ಮನೋಭಾವದಿಂದಲ್ಲ. ಜೇಬಿನಲ್ಲಿ ಪೆನ್ನಿತ್ತು.

ಬೂದಿಕೋಟೆ ರಸ್ತೆಯ ಈ ಬಡಾವಣೆಗೆ ನಾನು ಬಂದದ್ದೇ ಯಾರ ಗೊಡವೆಯೂ ಬೇಡವೆಂದು. ಸೈಟು ಮಾರಿದವರ ಬಣ್ಣದ ಕಾಗದದಲ್ಲಿ 'ಗೇಟೆಡ್ ಕಮ್ಯುನಿಟಿ' ಎಂದಿತ್ತು. ಗೇಟು ನಿಜವಾಗಿಯೂ ಇತ್ತು. ಮುಂದೆ ಗೇಟು, ಹಿಂದೆ ಬಯಲು. ಬಯಲಿನಾಚೆ ಮುನಿಯಮ್ಮನ ಮನೆ, ಎರಡು ಸೀಮೆಹಸು. ಆಕೆ ಬೆಳಗಿನ ಹಾಲು ಕರೆದು, ಕ್ಯಾನು ಸೊಂಟಕ್ಕೇರಿಸಿ, ಒಂದು ಹಸುವನ್ನು ಮೇಯಲು ಹೊಡೆದುಕೊಂಡು ನಮ್ಮ ಬೀದಿಯಲ್ಲೇ ಹಾದು, ನಾಲ್ಕಾರು ಮನೆಗೆ ಹಾಲು ಅಳೆದು, ಮಿಕ್ಕಿದ್ದನ್ನು ರಸ್ತೆ ಬದಿಯ ಡೈರಿಗೆ ಹಾಕುವಳು. ಏಳಕ್ಕೆ ಡೈರಿಯ ವ್ಯಾನು ಬಂದರೆ ಮುಗಿಯಿತು. ಆಮೇಲೆ ತಂದ ಹಾಲು ಮನೆಯಲ್ಲಿ ಮೊಸರಾಗಬೇಕಷ್ಟೆ. ಹಸು ದಾರಿಯಲ್ಲಿ ಸಗಣಿ ಹಾಕುತ್ತಿತ್ತು. ಅದರ ಹಾಲನ್ನು ಕಾಫಿಗೆ ಬೆರೆಸಿ ಕುಡಿದು, ಅದೇ ಬಾಯಿ ಒರೆಸಿಕೊಂಡು ನಾವು ರೈಲಿನಲ್ಲಿ ಸಗಣಿಯ ವಿಚಾರ ಎತ್ತಿದೆವು. ಹಿಂದೆ ಗೋಡೆ ಬೇಕೆಂದಾಯಿತು.

ಗೋಡೆಯ ಆಸೆ ಎಲ್ಲರಿಗಿಂತ ಹೆಚ್ಚು ಸೆಲ್ವರಾಜ್‌ಗೆ. ಅವರ ತಾತ ಕೆಜಿಎಫ್ ಗಣಿಯಲ್ಲಿದ್ದವರು. ಬಾಲ್ಯವೆಲ್ಲ ಕಾರ್ಮಿಕರ ಲೈನ್ ಮನೆಯಲ್ಲಿ. "ಮಧ್ಯೆ ಒಂದು ಬಿದಿರು ತಟ್ಟಿ ಅಷ್ಟೇ ಸಾರ್. ಪಕ್ಕದ್ಮನೆಯೋರು ಕೆಮ್ಮಿದ್ರೆ ನಮ್ಮನೇಲಿ ನೀರು ಕುಡೀತಿದ್ವಿ. ಸಾಯೋದ್ರೊಳಗೆ ನಂಗೊಂದು ಗೋಡೆ ನೋಡ್ಬೇಕು." ಇಂಥ ಮಾತಿಗೆ ಎದುರಾಡುವುದು ಹೇಗೆ? ನಾನು ಬರೆದುಕೊಂಡೆ.

ಆ ನಡಾವಳಿ ಪುಸ್ತಕ ನನ್ನ ಮುಂದಿದೆ. ಗಾಡಿ ನಿಂತಾಗ ಬರೆದ ಅಕ್ಷರಗಳು ನೆಟ್ಟಗಿವೆ, ಓಡುವಾಗ ಬರೆದವು ಕುಡಿದವರ ಹಾಗೆ ಒಂದರ ಮೇಲೊಂದು ಬಿದ್ದಿವೆ. 'ಹಿಂಬದಿಯನ್ನು ಗೋಡೆ ಕಟ್ಟಿ ಮುಚ್ಚತಕ್ಕದ್ದು' ಎಂಬುದು ಟೇಕಲ್ ನಿಲ್ದಾಣದಷ್ಟು ಸ್ಥಿರವಾಗಿದೆ. 'ಸರ್ವಾನುಮತದಿಂದ' ಎಂಬಲ್ಲಿ ರೈಲು ಹೊರಟಿದೆ. ನಮ್ಮ ಸೀಮೆಯ ಹಳೆಯ ಶಾಸನಗಳು ಈ ವಿಷಯದಲ್ಲಿ ಮೇಲು. ಅವೂ ಒಂದು ಬಗೆಯ ನಡಾವಳಿಗಳೇ: ಮೂಡಲಿಗೆ ಹುಣಿಸೆಮರ, ಪಡುವಲಿಗೆ ಹುತ್ತ ಎಂದು ಎಲ್ಲೆ ಹೇಳಿ, ಕೊನೆಗೆ ಇದನ್ನು ಅಳಿಸಿದವನಿಗೆ ಕಪಿಲೆ ಹಸುವನ್ನು ಕೊಂದ ಪಾಪ ಎಂದು ಶಪಿಸುತ್ತವೆ. ಕೆತ್ತುವವನು ಕಲ್ಲಿನ ಮುಂದೆ ಗಟ್ಟಿಯಾಗಿ ಕೂತಿರುತ್ತಿದ್ದ. ಜೊತೆಗೆ ಹಸುವಿನ ಭಯವೂ ಇತ್ತು. ನಾವು ಹಸುವಿನ ವಿರುದ್ಧವೇ ನಿರ್ಣಯ ಮಾಡಿ, ಕೆಳಗೆ ಹನ್ನೊಂದು ಸಹಿ ಹಾಕಿ, ವೈಟ್‌ಫೀಲ್ಡಿನಲ್ಲಿ ಇಳಿದು ಕೆಲಸಕ್ಕೆ ಹೋದೆವು. ಆ ಹನ್ನೊಂದರಲ್ಲಿ ಒಂದೂ ಹಗಲಿನಲ್ಲಿ ಬಡಾವಣೆಯಲ್ಲಿ ಇರುವವರದಲ್ಲ. ಇದು ಆಗ ಯಾರಿಗೂ ಹೊಳೆಯಲಿಲ್ಲ.

ನನ್ನ ಹೆಂಡತಿಗೆ ಹೊಳೆಯಿತು. "ಸರ್ವಾನುಮತ ಅಂದ್ರೆ ಯಾರು? ನನ್ನ ಕೇಳಿದ್ರಾ? ನಾಳೆಯಿಂದ ಕಾಫಿಗೆ ಹಾಲನ್ನೂ ಆ ರೈಲಿಂದಲೇ ತನ್ನಿ" ಎಂದಳು.

ಮರುದಿನವೇ ಇರಬೇಕು, ಮುನಿಯಮ್ಮ ಸ್ಟೇಷನ್ನಿಗೆ ಬಂದಳು. ಬೋಗಿಯೊಳಗೋ ಹೊರಗೋ, ಮಾತು ಮಾತ್ರ ಇದು. ಇದನ್ನು ಸೆಲ್ವರಾಜ್ ಕೂಡ ಒಪ್ಪುತ್ತಾರೆ.

"ಏನ್ ಸ್ವಾಮಿ, ರೈಲಾಗ್ ಕುಂತ್ಕಂಡು ನನ್ ದಾರಿ ಮುಚ್ಚಿದ್ರಂತೆ? ಕೆರೆಕಟ್ಟೆ ಬಳಸ್ಕಂಡ್ ಓಗಾ ಅಷ್ಟೊತ್ಗೆ ಡೈರಿ ಗಾಡಿ ಒಂಟೋಗಿರ್ತದೆ. ಆಲು ಏನ್ ನಿಮ್ ತಲೆ ಮ್ಯಾಲ್ ಉಯ್ಯಾನಾ?"

"ಅದು ಮೀಟಿಂಗಲ್ಲಿ ಎಲ್ರೂ ಸೇರಿ ಮಾಡಿದ್ದಮ್ಮ" ಎಂದರು ಸೆಲ್ವರಾಜ್.

"ಕೈ ಎತ್ತಾಕೆ ಟಿಕೀಟು ತಗಾಬೇಕಾ? ಇಗಾ, ಎತ್ತಿದೀನಿ. ಬರ್ಕಳಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು "ನೋಡೋಣ" ಎಂದೆ. ನೋಡೋಣ ಎನ್ನುವವನು ಸಾಧಾರಣವಾಗಿ ಬೇರೆ ಕಡೆ ನೋಡುತ್ತಿರುತ್ತಾನೆ. ನಾನು ಪುಸ್ತಕ ನೋಡುತ್ತಿದ್ದೆ. 'ಮುನಿಯಮ್ಮನವರ ಆಕ್ಷೇಪಣೆ ದಾಖಲಿಸಿದೆ' ಎಂದು ಬರೆದೆ. ಆ ಸಾಲು ಗೆರೆ ಎಳೆದಂತೆ ನೆಟ್ಟಗಿದೆ. ಹಾಗಾದರೆ ಗಾಡಿ ನಿಂತಿತ್ತು. ಬಂಗಾರಪೇಟೆಯಲ್ಲೋ ಟೇಕಲ್ಲಿನಲ್ಲೋ, ಪುಸ್ತಕ ಹೇಳುವುದಿಲ್ಲ. ಆಕ್ಷೇಪಣೆಯ ಮೇಲೆ ಏನು ಮಾಡಿದೆವೆಂಬುದನ್ನೂ ಹೇಳುವುದಿಲ್ಲ. ಏಕೆಂದರೆ ಏನೂ ಮಾಡಲಿಲ್ಲ.

ಹದಿನೈದು ದಿನದಲ್ಲಿ ಗೋಡೆ ಎದ್ದಿತು. ನಾವೆಲ್ಲ ರೈಲಿನಲ್ಲಿರುವಾಗ ಬೆಳೆದು, ನಾವು ಇಳಿದು ಬರುವಾಗ ನಿಂತಿರುತ್ತಿತ್ತು. ಮುಗಿದ ದಿನ ಸಂಜೆ ನೋಡಲು ಹೋದರೆ ಮೂಲೆಯಲ್ಲಿ ಒಂದು ಸಂದು. ಒಂದು ಹಸು, ಅದರ ಹಿಂದೆ ಸೊಂಟದಲ್ಲಿ ಕ್ಯಾನು ಇಟ್ಟ ಒಬ್ಬ ಹೆಂಗಸು ಹಾಯುವಷ್ಟು ಅಗಲ. ಮರೆತು ಬಿಟ್ಟದ್ದಲ್ಲ, ಅಂಚುಗಳನ್ನು ಹಸುವಿನ ಪಕ್ಕೆ ತರಚದಂತೆ ಗುಂಡಗೆ ಗಾರೆ ಮಾಡಿತ್ತು.

ಸೆಲ್ವರಾಜ್ ಆ ಗುಂಡಗಿನ ಅಂಚನ್ನು ಕೈಯಿಂದ ಸವರಿದರು. ನಾನು ಜಗಳಕ್ಕೆ ಸಿದ್ಧನಾಗಿದ್ದೆ. ಅವರು, "ಪರವಾಗಿಲ್ಲ ಸಾರ್, ಗಾಳಿ ಬರುತ್ತೆ. ನೀವು ಹೇಳಿಸಿದ್ರಾ?" ಎಂದರು. ನಾನು ನಕ್ಕೆ. ನಗು ಬಹಳ ಉಪಯುಕ್ತ. ಅದನ್ನು ಯಾರೂ ನಡಾವಳಿಯಲ್ಲಿ ಬರೆಯುವುದಿಲ್ಲ.

ಮರುದಿನದಿಂದ ಮುನಿಯಮ್ಮ ನಮ್ಮ ಮನೆಗೆ ಅಳತೆಯ ಮೇಲೆ ಕೊಸರು ಹಾಕತೊಡಗಿದಳು, ಹಿಂದೆ ಹಾಕುತ್ತಿದ್ದುದಕ್ಕಿಂತ ಕೈಬಿಚ್ಚಿ. "ನಿಮ್ಮೆಜಮಾನ್ರು ಬಾಯ್ ಬಿಡ್ದಿದ್ರೂ ಕೆಲ್ಸ ಮಾಡ್ಸವ್ರೆ" ಎಂದಳಂತೆ. ಹೆಂಡತಿ ಇದನ್ನು ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಹೆಮ್ಮೆಯಿಂದ ನೋಡಿದಳೋ, ಪರೀಕ್ಷೆಗೋ, ಅಥವಾ ಸಂದಿನ ವಿಷಯ ಅವಳಿಗೇ ಚೆನ್ನಾಗಿ ಗೊತ್ತಿತ್ತೋ, ನನಗೆ ತಿಳಿಯಲಿಲ್ಲ. ಕಾಫಿ ಗಟ್ಟಿಯಾಗಿತ್ತು. ಕುಡಿದೆ.

ಕೊನೆಗೆ ಗೋಡೆ ಕಟ್ಟಿದ ಮೇಸ್ತ್ರಿಯನ್ನೇ ಹಿಡಿದೆ. ಬೂದಿಕೋಟೆಯಲ್ಲಿ ಯಾರದೋ ಮನೆಯ ಸಾರುವೆಯ ಮೇಲೆ ನಿಂತಿದ್ದ. ಸಂದು ಬಿಡಲು ಯಾರು ಹೇಳಿದರೆಂದು ಕೇಳಿದರೆ, ಗಾರೆ ಬಳಿಯುತ್ತಿದ್ದ ಕರಣೆ ನಿಲ್ಲಿಸದೆ, "ನಿಮ್ಮೋರೇ ಯೋಳಿದ್ರು ಸಾಮಿ" ಎಂದ. ಯಾರು ಅಂದರೆ, "ನಿಮ್ಮೋರೇ ಕಣ್ ಸಾಮಿ, ನಂಗೇನ್ ಎಸ್ರು ಗೊತ್ತಾ?"

ಇನ್ನು ಕೆಲವು ವರ್ಷ ಹೋದರೆ ನಾನೇ ಹೇಳಿದೆನೆಂಬ ನೆನಪು ನನಗೆ ಬಂದೇ ಬರುತ್ತದೆ. ಮಬ್ಬಾದ ಬೆಳಗು, ಮೇಸ್ತ್ರಿಯ ಹೆಗಲ ಮೇಲೆ ನನ್ನ ಕೈ, ಎಲ್ಲ ಸಮೇತ. ಅದಕ್ಕೆ ಮೊದಲೇ ಬರೆದಿಡುತ್ತೇನೆ. ಆ ನಮ್ಮವರು ಯಾರೋ ನನಗೆ ಗೊತ್ತಿಲ್ಲ. ನಾನಲ್ಲ. ಅದನ್ನು ಮುನಿಯಮ್ಮನಿಗೆ ಇನ್ನೂ ಹೇಳಿಲ್ಲ.